ವಿಜ್ಞಾನಿಗಳ ಮಾತಿಗೆ ಉತ್ತರ ಕೊಡಬೇಕಾದವರು ಯಾರು?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಹವಾಮಾನ ಬದಲಾವಣೆಯ ಪಾಠ ಮಾಡುವಾಗಲೆಲ್ಲ ಮಕ್ಕಳು ಕೇಳುತ್ತಾರೆ: ವಿಜ್ಞಾನಿಗಳು ಹಲವು ದಶಕಗಳಿಂದ ಎಚ್ಚರಿಸುತ್ತಿದ್ದಾರೆ, ದೇಶದೇಶಗಳ ನಾಯಕರು ಪ್ರತಿವರ್ಷ ಸಮ್ಮೇಳನ ನಡೆಸುತ್ತಾರೆ, ಆದರೂ ಬಿಸಿ ಏರುತ್ತಲೇ ಇದೆಯಲ್ಲ? ವಿಜ್ಞಾನಿಗಳೂ ಆಳುವವರೂ ಕೂಡಿ ಕೆಲಸ ಮಾಡಿ, ಇಡೀ ಭೂಮಿಗೆ ಬಂದ ಅಪಾಯವನ್ನು ನಿಜವಾಗಿ ತಡೆದ ಉದಾಹರಣೆ ಒಂದಾದರೂ ಇದೆಯೇ? ಇದ್ದರೆ ಹವಾಮಾನದ ವಿಷಯದಲ್ಲಿ ಅದೇಕೆ ಆಗುತ್ತಿಲ್ಲ? ನಮ್ಮ ಪಶ್ಚಿಮ ಘಟ್ಟದ ವರದಿಗಳ ಗತಿಯೂ ಹೀಗೇ ಅಲ್ಲವೇ?

ಉತ್ತರ: ಒಂದು ಉದಾಹರಣೆ ಖಂಡಿತ ಇದೆ. ಸೂರ್ಯನ ಹಾನಿಕರ ಅತಿನೇರಳೆ ಕಿರಣಗಳನ್ನು ತಡೆಯುವ ಓಝೋನ್ ಪದರವನ್ನು ಉಳಿಸಿದ 1987ರ ಮಾಂಟ್ರಿಯಲ್ ಒಪ್ಪಂದ ಅದು. ನಮ್ಮ ಪಠ್ಯಪುಸ್ತಕಗಳು ಅದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದರಿಂದ, ಅದು ಹೇಗೆ ಫಲಿಸಿತು ಎಂಬುದು ಮಕ್ಕಳ ತನಕ ತಲುಪುವುದಿಲ್ಲ. ವಿಜ್ಞಾನಿಗಳು ಎಚ್ಚರಿಸಿದರು, ಆ ಕಾಲದ ನಾಯಕರು ದೂರದೃಷ್ಟಿಯವರಾಗಿದ್ದರು, ಆದ್ದರಿಂದ ಕೆಲಸವಾಯಿತು ಎಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಆ ನಾಯಕರಲ್ಲಿ ಹಲವರು ಮೊದಲಿಗೆ ಹಿಂದೇಟು ಹಾಕಿದವರೇ. ಅಲ್ಲಿ ಫಲ ಕೊಟ್ಟದ್ದು ಒಪ್ಪಂದದ ರಚನೆ. ವಿಜ್ಞಾನಿಗಳು ನಿಗದಿತ ಅವಧಿಗೊಮ್ಮೆ ಬಂದು ಹೇಳಲೇಬೇಕು, ಹೇಳಿದ್ದನ್ನು ಸರ್ಕಾರಗಳು ಮೇಜಿನ ಮೇಲಿಟ್ಟು ನಿರ್ಣಯ ಮಾಡಲೇಬೇಕು, ನಿರ್ಣಯದ ಖರ್ಚನ್ನು ಹೊರಲಾರದವರಿಗೆ ಹಣ ಸಿಗಲೇಬೇಕು ಎಂಬ ಮೂರು ವಿಷಯಗಳನ್ನು ಅಲ್ಲಿ ಬರವಣಿಗೆಯಲ್ಲಿ ಕಟ್ಟಿಹಾಕಲಾಗಿತ್ತು. ಹವಾಮಾನದ ವಿಷಯದಲ್ಲಿ ಈ ಕಟ್ಟು ಸಡಿಲವಾಗಿದೆ. ಪಶ್ಚಿಮ ಘಟ್ಟದ ವಿಷಯದಲ್ಲಿ ಅದನ್ನು ಕಟ್ಟಲೇ ಇಲ್ಲ. ನನ್ನ ಉತ್ತರದ ತಿರುಳು ಇಷ್ಟು. ವಿವರಗಳಲ್ಲಿಯೇ ಇದರ ಜೀವವಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

1974ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶೆರ್ವುಡ್ ರೋಲ್ಯಾಂಡ್ ಮತ್ತು ಮಾರಿಯೋ ಮೊಲಿನಾ ಎಂಬ ರಸಾಯನ ವಿಜ್ಞಾನಿಗಳು, ಫ್ರಿಜ್, ಹವಾನಿಯಂತ್ರಕ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು, ಅಂದರೆ ಸಿಎಫ್‌ಸಿಗಳು, ಓಝೋನ್ ಪದರವನ್ನು ನಾಶಮಾಡಬಲ್ಲವು ಎಂದು ತೋರಿಸಿದರು. ಈ ಅನಿಲಗಳು ನೆಲಮಟ್ಟದಲ್ಲಿ ಯಾವುದರೊಂದಿಗೂ ವರ್ತಿಸುವುದಿಲ್ಲ. ಸುಡುವುದಿಲ್ಲ, ವಿಷವಲ್ಲ, ಮಳೆಯಲ್ಲಿ ತೊಳೆದುಹೋಗುವುದಿಲ್ಲ. ಉದ್ಯಮಕ್ಕೆ ಅವು ಪ್ರಿಯವಾಗಿದ್ದುದು ಈ ಗುಣದಿಂದಲೇ, ಮತ್ತು ಅವು ಹಾಗೇ ಉಳಿದು ನಿಧಾನವಾಗಿ ಮೇಲಿನ ಸ್ತರಗೋಳಕ್ಕೆ ಏರಿದ್ದೂ ಇದೇ ಗುಣದಿಂದ. ಅಲ್ಲಿ ಸೂರ್ಯನ ತೀವ್ರ ಅತಿನೇರಳೆ ಕಿರಣಗಳು ಅವುಗಳನ್ನು ಒಡೆಯುತ್ತವೆ. ಬಿಡುಗಡೆಯಾದ ಕ್ಲೋರಿನ್ ಪರಮಾಣು ಓಝೋನ್ ಅಣುಗಳನ್ನು ಒಂದಾದ ಮೇಲೊಂದರಂತೆ ಮುರಿಯುತ್ತಾ ಹೋಗುತ್ತದೆ, ಆದರೆ ತಾನು ಮಾತ್ರ ಖರ್ಚಾಗುವುದಿಲ್ಲ. ಉದ್ಯಮ ಇದನ್ನು ಕೇವಲ ಸಿದ್ಧಾಂತವೆಂದು ತಳ್ಳಿಹಾಕಲು ನೋಡಿತು. ಅಮೆರಿಕ 1978ರಲ್ಲಿ ಸ್ಪ್ರೇ ಡಬ್ಬಿಗಳಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತಾದರೂ, ಉಳಿದ ಉಪಯೋಗಗಳು ಬೆಳೆಯುತ್ತಲೇ ಹೋದವು.

1985ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಒಂದು ಒಡಂಬಡಿಕೆಯಾಯಿತು. ಅದರಲ್ಲಿ ಯಾವ ಅನಿಲವನ್ನೂ ಕಡಿತಗೊಳಿಸುವ ಮಾತಿರಲಿಲ್ಲ. ಸಂಶೋಧನೆಯಲ್ಲಿ ಸಹಕರಿಸುತ್ತೇವೆ, ಮಾಹಿತಿ ಹಂಚಿಕೊಳ್ಳುತ್ತೇವೆ ಎಂಬ ಒಪ್ಪಿಗೆಯಷ್ಟೇ ಇತ್ತು. ಎರಡು ತಿಂಗಳ ನಂತರ, ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದಲ್ಲಿ 1950ರ ದಶಕದಿಂದ ನೆಲದ ಮೇಲಿನ ಉಪಕರಣವೊಂದರಿಂದ ಓಝೋನನ್ನು ಅಳೆಯುತ್ತಾ ಬಂದಿದ್ದರು. ಅಕ್ಟೋಬರ್ ತಿಂಗಳ ಅಳತೆ ಹಿಂದಿನದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಯಾರ ಗಮನವನ್ನೂ ಸೆಳೆಯದೆ ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಒಂದೇ ಅಳತೆಯನ್ನು ಬರೆದಿಡುವ ಕೆಲಸಕ್ಕೆ ಹಣ ಕೊಡುವುದು ವ್ಯರ್ಥ ಎಂದು ಭಾವಿಸುವ ಅಧಿಕಾರಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರಿಗೆ ಕೊಡಬಹುದಾದ ಅತ್ಯುತ್ತಮ ಉತ್ತರ ಹ್ಯಾಲಿ ಕೇಂದ್ರದ ಆ ದಾಖಲೆ ಪುಸ್ತಕ.

ಇಲ್ಲಿಂದ ಮುಂದಿನ ಘಟನೆಗಳ ಅನುಕ್ರಮವನ್ನು ಮಕ್ಕಳಿಗೆ ಗಮನವಿಟ್ಟು ಹೇಳಿರೆಂದು ಕೋರುತ್ತೇನೆ. ಮಾಂಟ್ರಿಯಲ್‌ನಲ್ಲಿ ಒಪ್ಪಂದಕ್ಕೆ ಸಹಿಬಿದ್ದದ್ದು 1987ರ ಸೆಪ್ಟೆಂಬರ್ 16ರಂದು. ಅಂಟಾರ್ಕ್ಟಿಕಾದ ಮೇಲಿನ ಈ ಕುಸಿತಕ್ಕೆ, ಅಂದರೆ ಓಝೋನ್ ರಂಧ್ರಕ್ಕೆ, ಸಿಎಫ್‌ಸಿಗಳೇ ಕಾರಣ ಎಂಬುದು ಆ ದಿನ ಇನ್ನೂ ಸಂಶಯಾತೀತವಾಗಿ ಸಾಬೀತಾಗಿರಲಿಲ್ಲ. ಸೂಸನ್ ಸಾಲೊಮನ್ ನೇತೃತ್ವದ ತಂಡ 1986ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗಿ ಬಲವಾದ ಸುಳಿವುಗಳನ್ನು ತಂದಿತ್ತು. 1987ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಚಿಲಿಯ ದಕ್ಷಿಣ ತುದಿಯಿಂದ ಹಾರಿದ ಸಂಶೋಧನಾ ವಿಮಾನಗಳು ನಿರ್ಣಾಯಕ ಅಳತೆಗಳನ್ನು ಸಂಗ್ರಹಿಸುತ್ತಿದ್ದ ಸಮಯದಲ್ಲೇ ಮಾಂಟ್ರಿಯಲ್‌ನಲ್ಲಿ ಮಾತುಕತೆ ನಡೆದಿತ್ತು. ಅಂದರೆ ಪೂರ್ಣ ನಿಶ್ಚಯಕ್ಕೆ ಕಾಯದೆ ಸರ್ಕಾರಗಳು ಮೊದಲ ಹೆಜ್ಜೆ ಇಟ್ಟವು. ಹಾಗೆ ಇಡಲು ಧೈರ್ಯ ಬಂದದ್ದು, ಹೆಜ್ಜೆಯನ್ನು ತಿದ್ದಿಕೊಳ್ಳುವ ಏರ್ಪಾಡು ಒಪ್ಪಂದದೊಳಗೇ ಇದ್ದುದರಿಂದ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಈಜಿಪ್ಟಿನ ಸಸ್ಯರೋಗ ವಿಜ್ಞಾನಿ ಮುಸ್ತಫಾ ತೋಲ್ಬಾ ಈ ಮಾತುಕತೆಗಳನ್ನು ಮುಂದೆ ನಡೆಸಿದವರಲ್ಲಿ ಪ್ರಮುಖರು.

ಆ ಏರ್ಪಾಡು ಹೀಗಿದೆ. ಒಪ್ಪಂದದ ಆರನೆಯ ವಿಧಿಯ ಪ್ರಕಾರ, 1990ರಿಂದ ಆರಂಭಿಸಿ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ತಜ್ಞರ ಮಂಡಳಿಗಳು ಲಭ್ಯವಿರುವ ವೈಜ್ಞಾನಿಕ, ಪರಿಸರ, ತಾಂತ್ರಿಕ ಮತ್ತು ಆರ್ಥಿಕ ಮಾಹಿತಿಯನ್ನು ಪರಿಶೀಲಿಸಿ ವರದಿ ಸಲ್ಲಿಸಬೇಕು, ಮತ್ತು ಆ ಆಧಾರದ ಮೇಲೆ ಸದಸ್ಯ ದೇಶಗಳು ನಿಯಂತ್ರಣ ಕ್ರಮಗಳನ್ನು ಮರುಪರಿಶೀಲಿಸಬೇಕು. ಎರಡನೆಯ ವಿಧಿಯ ಒಂದು ಉಪವಿಧಿ ಇನ್ನೂ ಮುಖ್ಯವಾದದ್ದು: ಈಗಾಗಲೇ ಪಟ್ಟಿಯಲ್ಲಿರುವ ಅನಿಲಗಳ ಕಡಿತವನ್ನು ಬಿಗಿಗೊಳಿಸಲು ಹೊಸ ಒಪ್ಪಂದ ಬೇಕಿಲ್ಲ, ಪ್ರತಿ ದೇಶದ ಸಂಸತ್ತಿನ ಅನುಮೋದನೆಗೆ ವರ್ಷಗಟ್ಟಲೆ ಕಾಯಬೇಕಿಲ್ಲ, ಸಭೆಯಲ್ಲಿ ಒಮ್ಮತ ಮೂಡದಿದ್ದರೂ ನಿಗದಿತ ಬಹುಮತದಿಂದ ಆದ ತೀರ್ಮಾನ ಎಲ್ಲರಿಗೂ ಅನ್ವಯವಾಗುತ್ತದೆ. ಇದರ ಪರಿಣಾಮ ನೋಡಿ. 1987ರಲ್ಲಿ ಒಪ್ಪಿದ್ದು ಶತಮಾನದ ಅಂತ್ಯದ ಹೊತ್ತಿಗೆ ಸಿಎಫ್‌ಸಿ ಬಳಕೆಯನ್ನು ಅರ್ಧಕ್ಕೆ ಇಳಿಸಲು ಮಾತ್ರ. 1990ರ ಲಂಡನ್ ಸಭೆ 2000ನೇ ಇಸವಿಗೆ ಪೂರ್ಣ ನಿಲುಗಡೆ ಎಂದಿತು. 1992ರ ಕೋಪನ್‌ಹೇಗನ್ ಸಭೆ ಶ್ರೀಮಂತ ದೇಶಗಳಿಗೆ ಆ ಗಡುವನ್ನು 1996ಕ್ಕೆ ತಂದಿತು. 1987ರ ಕರಾರನ್ನು ಹಾಗೇ ಬಿಟ್ಟಿದ್ದರೆ ಓಝೋನ್ ಪದರ ಉಳಿಯುತ್ತಿರಲಿಲ್ಲ. ಉಳಿಸಿದ್ದು ಅದರ ಮೇಲೆ ನಡೆದ ಈ ಪರಿಷ್ಕರಣೆಗಳು.

ಲಂಡನ್ ಸಭೆಯಲ್ಲಿ ಭಾರತಕ್ಕೂ ಒಂದು ಮುಖ್ಯ ಪಾತ್ರವಿತ್ತು. ಸಮಸ್ಯೆ ಸೃಷ್ಟಿಸಿದ್ದು ನೀವು, ಬದಲಿ ತಂತ್ರಜ್ಞಾನ ಇರುವುದೂ ನಿಮ್ಮ ಕಂಪನಿಗಳ ಬಳಿ, ಹಾಗಿರುವಾಗ ನಮ್ಮ ಬಡ ಜನರ ಫ್ರಿಜ್ಜಿನ ಖರ್ಚನ್ನು ನಾವೇಕೆ ಹೊರಬೇಕು ಎಂಬ ತರ್ಕವನ್ನು ಭಾರತ ಮತ್ತು ಚೀನಾ ಮುಂದಿಟ್ಟವು. ಅಂದಿನ ಪರಿಸರ ಸಚಿವೆ ಮೇನಕಾ ಗಾಂಧಿ ಈ ವಾದವನ್ನು ಗಟ್ಟಿಯಾಗಿ ಮಂಡಿಸಿದವರು. ಫಲವಾಗಿ ಬಹುಪಕ್ಷೀಯ ನಿಧಿ ಹುಟ್ಟಿತು. ಅದರ ಕಾರ್ಯಕಾರಿ ಸಮಿತಿಯಲ್ಲಿ ಶ್ರೀಮಂತ ದೇಶಗಳಿಗೆ ಏಳು ಸ್ಥಾನ, ಅಭಿವೃದ್ಧಿಶೀಲ ದೇಶಗಳಿಗೂ ಏಳು ಸ್ಥಾನ. ಮೊದಲ ಮೂರು ವರ್ಷಗಳಿಗೆ 16 ಕೋಟಿ ಡಾಲರ್, ಭಾರತ ಮತ್ತು ಚೀನಾ ಸೇರಿದರೆ ಇನ್ನೂ 8 ಕೋಟಿ ಎಂದು ನಿಗದಿಯಾಯಿತು. ಚೀನಾ 1991ರಲ್ಲಿ, ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿದವು. 2010ರ ಗಡುವಿಗೆ ಮುಂಚೆಯೇ, 2008ರ ಆಗಸ್ಟ್‌ನಲ್ಲಿ, ಆಸ್ತಮಾ ರೋಗಿಗಳ ಇನ್‌ಹೇಲರ್‌ನಂಥ ಅಗತ್ಯದ ಬಳಕೆಗಳನ್ನು ಬಿಟ್ಟು ಭಾರತ ಸಿಎಫ್‌ಸಿ ಉತ್ಪಾದನೆಯನ್ನು ನಿಲ್ಲಿಸಿತು. ನ್ಯಾಯದ ಪ್ರಶ್ನೆ ಎತ್ತಿದವರನ್ನು ಅಡ್ಡಗಾಲು ಹಾಕುವವರೆಂದು ಚಿತ್ರಿಸುವುದು ಇಂದಿಗೂ ನಡೆದಿದೆ; ಆದರೆ ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕ ಮೇಲೆ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಒಪ್ಪಂದವಾದ ಮೇಲೂ ವಿಜ್ಞಾನಿಗಳ ಕಾವಲು ನಿಲ್ಲಲಿಲ್ಲ. 2018ರಲ್ಲಿ ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ಸ್ಟೀಫನ್ ಮೊಂಟ್ಸ್ಕಾ ಮತ್ತು ಸಂಗಡಿಗರು, ಜಗತ್ತಿನಲ್ಲಿ ಎಲ್ಲೂ ತಯಾರಾಗಬಾರದ ಸಿಎಫ್‌ಸಿ-11 ಅನಿಲದ ಹೊರಸೂಸುವಿಕೆ 2012ರ ನಂತರ ಏರಿದೆ ಎಂದು ಪ್ರಕಟಿಸಿದರು. ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿರುವ ಅಳತೆ ಕೇಂದ್ರಗಳ ಮಾಹಿತಿಯಿಂದ, ಆ ಏರಿಕೆಯ ದೊಡ್ಡ ಪಾಲು ಪೂರ್ವ ಚೀನಾದಿಂದ, ಮುಖ್ಯವಾಗಿ ಶಾನ್‌ಡಾಂಗ್ ಮತ್ತು ಹೆಬೈ ಪ್ರಾಂತ್ಯಗಳ ಕಡೆಯಿಂದ ಬರುತ್ತಿದೆ ಎಂದು 2019ರಲ್ಲಿ ಗೊತ್ತಾಯಿತು. ವಿಷಯ ಒಪ್ಪಂದದ ಸಭೆಗೆ ಬಂತು. ಚೀನಾ ತಪಾಸಣೆ ಮತ್ತು ಕಾನೂನು ಕ್ರಮಗಳನ್ನು ಬಿಗಿಗೊಳಿಸಿತು. 2021ರಲ್ಲಿ ಪ್ರಕಟವಾದ ಅಧ್ಯಯನಗಳು ಹೊರಸೂಸುವಿಕೆ ಮತ್ತೆ ಇಳಿದಿರುವುದನ್ನು ದೃಢಪಡಿಸಿದವು. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಅನಿಲವೊಂದರ ಏರುಪೇರನ್ನು ಹಿಡಿದು, ಅದರ ಮೂಲದ ಪ್ರಾಂತ್ಯವನ್ನು ಗುರುತಿಸಿ, ಸರ್ಕಾರವೊಂದು ಮೂರು ವರ್ಷದೊಳಗೆ ಕ್ರಮ ಕೈಗೊಳ್ಳುವಂತೆ ಮಾಡಿದ ಈ ಪ್ರಸಂಗ ನಿಮ್ಮ ತರಗತಿಯಲ್ಲಿ ಒಂದು ಪೂರ್ತಿ ಅವಧಿಗೆ ಯೋಗ್ಯವಾದದ್ದು.

ಈಗ ನಿಷೇಧಿತ ಪದಾರ್ಥಗಳಲ್ಲಿ ಸುಮಾರು ಶೇ 99ರಷ್ಟು ಬಳಕೆಯಿಂದ ಹೊರಬಿದ್ದಿವೆ. ಇಂದಿನ ನೀತಿಗಳು ಮುಂದುವರಿದರೆ ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೆ, ಉತ್ತರ ಧ್ರುವದ ಮೇಲೆ 2045ರ ಸುಮಾರಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ ಓಝೋನ್ 1980ರ ಮಟ್ಟಕ್ಕೆ ಮರಳುತ್ತದೆ ಎಂದು 2022ರ ವೈಜ್ಞಾನಿಕ ಮೌಲ್ಯಮಾಪನ ಹೇಳಿದೆ. ನಿಮ್ಮ ತರಗತಿಯ ಮಕ್ಕಳಿಗೆ ಅರವತ್ತು ತುಂಬುವ ಮುಂಚೆಯೇ ಅದು ಬಹುಪಾಲು ಸರಿಹೋಗಿರಬೇಕು.

ಈ ಕಥೆ ಹವಾಮಾನಕ್ಕೆ ಕೂಡಿಕೊಳ್ಳುವ ಜಾಗದಲ್ಲಿ ಬೆಂಗಳೂರಿನ ನಂಟೊಂದಿದೆ. ಬಾಲ್ಯದ ಒಂದು ಭಾಗವನ್ನು ಬೆಂಗಳೂರಿನಲ್ಲಿ ಕಳೆದು, ಮುಂದೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಅವರು, ಸಿಎಫ್‌ಸಿಗಳು ಓಝೋನಿಗಷ್ಟೇ ಅಪಾಯಕಾರಿಯಲ್ಲ, ಅವು ಅತಿ ಪ್ರಬಲ ಹಸಿರುಮನೆ ಅನಿಲಗಳೂ ಹೌದು ಎಂದು 1975ರಲ್ಲೇ ತೋರಿಸಿದರು. ಅವುಗಳ ಒಂದು ಅಣು ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡಬಲ್ಲದು. ಅಂದರೆ ಮಾಂಟ್ರಿಯಲ್ ಒಪ್ಪಂದ ತನಗರಿವಿಲ್ಲದೆಯೇ ಹವಾಮಾನವನ್ನೂ ರಕ್ಷಿಸುತ್ತಾ ಬಂದಿತ್ತು. ಸಿಎಫ್‌ಸಿಗಳ ಜಾಗಕ್ಕೆ ಬಂದ ಹೈಡ್ರೋಫ್ಲೋರೋಕಾರ್ಬನ್ ಅನಿಲಗಳು, ಅಂದರೆ ಎಚ್‌ಎಫ್‌ಸಿಗಳು ಓಝೋನಿಗೆ ಹಾನಿ ಮಾಡುವುದಿಲ್ಲ, ಆದರೆ ಭೂಮಿಯನ್ನು ಬಿಸಿಮಾಡುತ್ತವೆ. ಇವುಗಳನ್ನು ಇಳಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ತಿದ್ದುಪಡಿ ಮಾಡಲಾಯಿತು. ಅದು ಪೂರ್ಣವಾಗಿ ಜಾರಿಯಾದರೆ ಈ ಶತಮಾನದ ಅಂತ್ಯಕ್ಕೆ 0.5 ಡಿಗ್ರಿವರೆಗೆ ತಾಪ ಏರಿಕೆ ತಪ್ಪಬಹುದು. ಭಾರತ 2021ರಲ್ಲಿ ಇದನ್ನು ಅನುಮೋದಿಸಿದ್ದು, ನಮ್ಮ ಕಡಿತ 2032ರಲ್ಲಿ ಆರಂಭವಾಗಿ 2047ರ ಹೊತ್ತಿಗೆ ಶೇ 85ಕ್ಕೆ ತಲುಪಬೇಕು. ಇದೇ ರಾಮನಾಥನ್ ಮುಂದೆ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ, 2015ರ ಪ್ಯಾರಿಸ್ ಸಮ್ಮೇಳನದಲ್ಲಿ ವ್ಯಾಟಿಕನ್ನಿನ ನಿಯೋಗದೊಂದಿಗೆ ಕೆಲಸ ಮಾಡಿದರು. ವಿಜ್ಞಾನಿಯೊಬ್ಬರ ಮಾತು ಯಾವ ಬಾಗಿಲಿನಿಂದ ಎಲ್ಲಿಗೆ ತಲುಪೀತು ಎಂದು ಮೊದಲೇ ಹೇಳಲಾಗದು.

ಇನ್ನು ಹವಾಮಾನದ ವಿಷಯ. 1988ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೂಡಿ ಐಪಿಸಿಸಿಯನ್ನು, ಅಂದರೆ ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿಯನ್ನು ಸ್ಥಾಪಿಸಿದವು. ಹೆಸರೇ ಹೇಳುವಂತೆ ಇದು ಸರ್ಕಾರಗಳ ಸಮಿತಿ. 195 ದೇಶಗಳು ಸದಸ್ಯರು. ಅದು ಸ್ವತಃ ಸಂಶೋಧನೆ ಮಾಡುವುದಿಲ್ಲ, ಪ್ರಕಟವಾದ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿನೋಡುತ್ತದೆ. ಬರೆಯುವ ವಿಜ್ಞಾನಿಗಳಿಗೆ ಸಂಬಳವಿಲ್ಲ. 2021ರಲ್ಲಿ ಬಂದ ಒಂದು ಸಂಪುಟಕ್ಕೆ 234 ಲೇಖಕರು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಆಧರಿಸಿ ಬರೆದರು, ಕರಡುಗಳ ಮೇಲೆ ಬಂದ ಎಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳಿಗೆ ಒಂದೊಂದಾಗಿ ಉತ್ತರಿಸಿದರು. ಬಳಿಕ ನೀತಿ ನಿರೂಪಕರಿಗಾಗಿ ಸಿದ್ಧಪಡಿಸಿದ ಸಾರಾಂಶವನ್ನು ಎಲ್ಲ ಸರ್ಕಾರಗಳ ಪ್ರತಿನಿಧಿಗಳ ಮುಂದೆ ಸಾಲುಸಾಲಾಗಿ ಓದಿ ಒಪ್ಪಿಗೆ ಪಡೆಯಲಾಗುತ್ತದೆ. ಒಂದು ವಾಕ್ಯಕ್ಕಾಗಿ ಗಂಟೆಗಟ್ಟಲೆ ವಾದ ನಡೆಯುವುದುಂಟು. ತೈಲ ರಫ್ತು ಮಾಡುವ ದೇಶಗಳು ಮಾತನ್ನು ಮೆದುಗೊಳಿಸಲು ಪ್ರಯತ್ನಿಸುವುದೂ ಉಂಟು. ಆದರೆ ವೈಜ್ಞಾನಿಕವಾಗಿ ತಪ್ಪಾದ ವಾಕ್ಯವನ್ನು ಲೇಖಕರು ಒಪ್ಪುವುದಿಲ್ಲ.

ಈ ಪದ್ಧತಿಯಿಂದ ವರದಿ ಸಪ್ಪೆಯಾಗುತ್ತದೆ ಎಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೂ ನಾನು ಇದರ ಪರವಾಗಿದ್ದೇನೆ, ಏಕೆಂದರೆ ಹೀಗೆ ಒಪ್ಪಿದ ಮೇಲೆ ಯಾವ ಸರ್ಕಾರವೂ ಈ ವಿಜ್ಞಾನ ತನ್ನದಲ್ಲ ಎಂದು ಹೇಳಲಾಗದು. ಮನುಷ್ಯರ ಚಟುವಟಿಕೆಯಿಂದಲೇ ವಾತಾವರಣ, ಸಾಗರ ಮತ್ತು ನೆಲ ಬಿಸಿಯಾಗಿವೆ ಎಂಬುದು ನಿಸ್ಸಂದಿಗ್ಧ ಎಂಬ 2021ರ ವಾಕ್ಯಕ್ಕೆ ಸೌದಿ ಅರೇಬಿಯಾದ ಒಪ್ಪಿಗೆಯೂ ಇದೆ, ರಷ್ಯಾದ ಒಪ್ಪಿಗೆಯೂ ಇದೆ, ನಮ್ಮ ಒಪ್ಪಿಗೆಯೂ ಇದೆ.

ಕೊರತೆಯಿರುವುದು ಅದರ ಮುಂದಿನ ಹಂತದಲ್ಲಿ. ಮಾಂಟ್ರಿಯಲ್‌ನಲ್ಲಿ ತಜ್ಞರ ವರದಿ ಬಂದೊಡನೆ ಕಡಿತದ ಪ್ರಮಾಣವನ್ನು ತಿದ್ದುವ ಅಧಿಕಾರವುಳ್ಳ ಸಭೆ ಸೇರುತ್ತದೆ. ಹವಾಮಾನದಲ್ಲಿ ವರದಿ ಒಂದು ಕಡೆ, ಗುರಿ ನಿಗದಿ ಇನ್ನೊಂದು ಕಡೆ. 2015ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ರತಿ ದೇಶ ತನ್ನ ಗುರಿಯನ್ನು ತಾನೇ ಬರೆದುಕೊಡುತ್ತದೆ. ಎಲ್ಲರ ಗುರಿಗಳನ್ನು ಕೂಡಿಸಿದಾಗ ವಿಜ್ಞಾನ ಹೇಳಿದ ಮಿತಿಯೊಳಗೆ ಬರುವುದಿಲ್ಲವೆಂದಾದರೆ ಯಾರೂ ಯಾರನ್ನೂ ಕಡ್ಡಾಯಪಡಿಸುವಂತಿಲ್ಲ. ಇದಕ್ಕೆ ತಕ್ಕ ನಿದರ್ಶನ, ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸುವ ಕುರಿತ ವರದಿ. ಪುಟ್ಟ ದ್ವೀಪರಾಷ್ಟ್ರಗಳ ಒತ್ತಾಯದಿಂದ ಪ್ಯಾರಿಸ್ಸಿನಲ್ಲಿ ಆ ಅಂಕಿ ಒಪ್ಪಂದದೊಳಗೆ ಬಂತು, ಮತ್ತು ಅದರ ಅರ್ಥವೇನೆಂದು ಹೇಳುವಂತೆ ಸರ್ಕಾರಗಳೇ ಐಪಿಸಿಸಿಯನ್ನು ಕೇಳಿದವು. 2018ರ ಅಕ್ಟೋಬರ್‌ನಲ್ಲಿ ಉತ್ತರ ಬಂತು: ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2010ಕ್ಕೆ ಹೋಲಿಸಿದರೆ 2030ಕ್ಕೆ ಸುಮಾರು ಶೇ 45ರಷ್ಟು ಇಳಿಯಬೇಕು, 2050ರ ಸುಮಾರಿಗೆ ನಿವ್ವಳ ಶೂನ್ಯವಾಗಬೇಕು, ಅಂದರೆ ಹೊರಸೂಸಿದಷ್ಟನ್ನು ವಾತಾವರಣದಿಂದ ತೆಗೆಯುವಂತಾಗಬೇಕು. ಎರಡು ತಿಂಗಳ ನಂತರ ಪೋಲೆಂಡಿನ ಕಾಟೊವಿತ್ಸೆಯಲ್ಲಿ, ತಾವೇ ಕೇಳಿ ಬರೆಸಿದ ಆ ವರದಿಯನ್ನು ಸ್ವಾಗತಿಸುವ ಒಂದು ಸಾಲಿಗೆ ಅಮೆರಿಕ, ಸೌದಿ ಅರೇಬಿಯಾ, ರಷ್ಯಾ ಮತ್ತು ಕುವೈತ್ ಅಡ್ಡಿಪಡಿಸಿದವು. ಕಲ್ಲಿದ್ದಲು, ತೈಲ, ಅನಿಲಗಳಿಂದ ಹೊರಳುವ ಮಾತು ಸಮ್ಮೇಳನದ ಮುಖ್ಯ ನಿರ್ಣಯದಲ್ಲಿ ಕಾಣಿಸಿಕೊಂಡದ್ದು 2023ರಲ್ಲಿ, ದುಬೈಯ ಇಪ್ಪತ್ತೆಂಟನೆಯ ಸಮ್ಮೇಳನದಲ್ಲಿ.

ಎರಡು ಸಮಸ್ಯೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಸಿಎಫ್‌ಸಿಗಳನ್ನು ತಯಾರಿಸುತ್ತಿದ್ದವು ಕೆಲವೇ ಕಂಪನಿಗಳು. ಬದಲಿ ಅನಿಲಗಳಿಂದಲೂ ಅವು ಲಾಭ ಗಳಿಸಬಹುದಿತ್ತು. ಆದರೆ ಪಳೆಯುಳಿಕೆ ಇಂಧನ ಜಗತ್ತಿನ ಶಕ್ತಿಯ ಸುಮಾರು ಐದನೇ ನಾಲ್ಕು ಭಾಗವನ್ನು ಒದಗಿಸುತ್ತದೆ. ಉಕ್ಕು, ಸಿಮೆಂಟು, ರಸಗೊಬ್ಬರ, ಲಾರಿ, ಪಂಪ್‌ಸೆಟ್ ಎಲ್ಲವೂ ಅದರ ಮೇಲೆ ನಿಂತಿವೆ. ಈ ವ್ಯತ್ಯಾಸ ನಿಜ, ಮತ್ತು ಇದರಿಂದಾಗಿ ಕೆಲಸ ನಿಧಾನವಾಗುವುದು ಸಹಜ. ಆದರೆ ಒಪ್ಪಂದದ ರಚನೆಯನ್ನು ಸಡಿಲವಾಗಿ ಇಡಲು ಇದು ಕಾರಣವಾಗಲಾರದು. ಹಣದ ವಿಷಯದಲ್ಲಂತೂ ಈ ನೆಪ ಎಳ್ಳಷ್ಟೂ ಸಲ್ಲದು: 2020ರ ಹೊತ್ತಿಗೆ ಅಭಿವೃದ್ಧಿಶೀಲ ದೇಶಗಳಿಗೆ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಕೊಟ್ಟ ಮಾತು, ಅವರದೇ ಲೆಕ್ಕದ ಪ್ರಕಾರ, ಈಡೇರಿದ್ದು 2022ರಲ್ಲಿ. 2024ರಲ್ಲಿ ಅಜರ್ಬೈಜಾನಿನ ಬಾಕುವಿನ ಸಮ್ಮೇಳನದಲ್ಲಿ 2035ಕ್ಕೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್ ಎಂಬ ಹೊಸ ಗುರಿ ಘೋಷಿಸಿದಾಗ, ಅದು ಅತ್ಯಲ್ಪವೆಂದೂ ತನ್ನ ಮಾತನ್ನು ಕೇಳದೆ ಅಂಗೀಕರಿಸಲಾಯಿತೆಂದೂ ಭಾರತ ಸಭೆಯಲ್ಲೇ ಪ್ರತಿಭಟಿಸಿತು.

ದೇಶವೊಂದರ ಒಳಗೆ ಬಿಗಿಯಾದ ಏರ್ಪಾಡು ಸಾಧ್ಯ ಎಂಬುದಕ್ಕೆ ಬ್ರಿಟನ್ ಉದಾಹರಣೆ. 2008ರ ಹವಾಮಾನ ಬದಲಾವಣೆ ಕಾಯ್ದೆ ಅಲ್ಲಿ ಒಂದು ಸ್ವತಂತ್ರ ತಜ್ಞ ಸಮಿತಿಯನ್ನು ಸ್ಥಾಪಿಸಿತು. ಐದೈದು ವರ್ಷದ ಇಂಗಾಲದ ಮಿತಿ ಎಷ್ಟಿರಬೇಕೆಂದು ಸಮಿತಿ ಸಲಹೆ ಕೊಡುತ್ತದೆ. ಸರ್ಕಾರ ಬೇರೆ ಮಿತಿಯನ್ನು ಆರಿಸಿಕೊಳ್ಳಲು ಸ್ವತಂತ್ರ, ಆದರೆ ಏಕೆಂದು ಸಂಸತ್ತಿಗೆ ಕಾರಣ ಕೊಡಬೇಕು. ಸಮಿತಿ ಪ್ರತಿವರ್ಷ ಪ್ರಗತಿ ವರದಿ ಮಂಡಿಸುತ್ತದೆ, ಅದಕ್ಕೆ ಸರ್ಕಾರ ಉತ್ತರಿಸಲೇಬೇಕು. 2019ರಲ್ಲಿ ಈ ಸಮಿತಿಯ ಸಲಹೆಯ ಮೇಲೆಯೇ 2050ರ ನಿವ್ವಳ ಶೂನ್ಯ ಗುರಿ ಕಾನೂನಾಯಿತು; 2022ರಲ್ಲಿ ಸರ್ಕಾರದ ಕಾರ್ಯತಂತ್ರದಲ್ಲಿ ವಿವರಗಳು ಸಾಲದೆಂದು ಅಲ್ಲಿನ ಹೈಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು; 2024ರ ಸೆಪ್ಟೆಂಬರ್ 30ರಂದು ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಈಗ ಅಲ್ಲಿನ ಪ್ರಮುಖ ವಿರೋಧ ಪಕ್ಷ ಆ ಕಾಯ್ದೆಯನ್ನೇ ರದ್ದುಮಾಡುವುದಾಗಿ ಘೋಷಿಸಿದೆ. ಎಷ್ಟೇ ಗಟ್ಟಿ ಏರ್ಪಾಡಾದರೂ ರಾಜಕೀಯದ ಹೊರಗೆ ನಿಲ್ಲುವುದಿಲ್ಲ. ಆದರೆ ಅದನ್ನು ಕೆಡವಬೇಕಾದವರು ಬಹಿರಂಗವಾಗಿ ಕೆಡವಬೇಕಾಗುತ್ತದೆ. ವರದಿಯನ್ನು ಕಪಾಟಿನಲ್ಲಿಟ್ಟು ಮರೆತುಬಿಡುವ ಅನುಕೂಲ ಅವರಿಗೆ ಇರುವುದಿಲ್ಲ.

ಕಪಾಟಿನ ಮಾತು ಬಂದಮೇಲೆ ನಿಮ್ಮ ಕೊನೆಯ ಪ್ರಶ್ನೆಗೆ ಬರಬೇಕು. 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪರಿಸರ ವಿಜ್ಞಾನವನ್ನು ಕಟ್ಟಿ ಬೆಳೆಸಿದ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟ ಸಮಿತಿಯನ್ನು ನೇಮಿಸಿತು. 2011ರಲ್ಲಿ ಸಲ್ಲಿಕೆಯಾದ ವರದಿ ಇಡೀ ಘಟ್ಟಶ್ರೇಣಿಯನ್ನು ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯಗಳಾಗಿ ವಿಂಗಡಿಸಿತು, ಮತ್ತು ಅಂತಿಮ ಗಡಿಗಳನ್ನೂ ನಿಯಮಗಳನ್ನೂ ಗ್ರಾಮಸಭೆಗಳೊಂದಿಗೆ ಚರ್ಚಿಸಿಯೇ ನಿರ್ಧರಿಸಬೇಕೆಂದು ಹೇಳಿತು. ಆದರೆ ವರದಿ ತಿಂಗಳುಗಟ್ಟಲೆ ಸಾರ್ವಜನಿಕರ ಕೈಗೇ ಸಿಗಲಿಲ್ಲ. ಮಾಹಿತಿ ಹಕ್ಕಿನ ಹೋರಾಟದ ನಂತರ 2012ರಲ್ಲಿ ಹೊರಬಂತು. ಅಷ್ಟರಲ್ಲಿ ಮನೆ ಕಟ್ಟುವಂತಿಲ್ಲ, ತೋಟ ಮಾಡುವಂತಿಲ್ಲ, ಊರು ಬಿಡಬೇಕು ಎಂಬ ವದಂತಿಗಳು ಮಲೆನಾಡಿನ ಮನೆಮನೆ ತಲುಪಿದ್ದವು. ನಂತರ ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ನೇತೃತ್ವದ ತಂಡ ಉಪಗ್ರಹ ಚಿತ್ರಗಳನ್ನು ಬಳಸಿ, 2013ರಲ್ಲಿ ಸುಮಾರು 60 ಸಾವಿರ ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವಾಗಿ ಗುರುತಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು, 1,576 ಹಳ್ಳಿಗಳು. 2014ರಿಂದ ಈವರೆಗೆ ಕೇಂದ್ರ ಸರ್ಕಾರ ಕರಡು ಅಧಿಸೂಚನೆಯನ್ನು ಮತ್ತೆ ಮತ್ತೆ ಹೊರಡಿಸಿದೆ. ಆರನೆಯದು ಹೊರಬಿದ್ದದ್ದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಆದ್ದರಿಂದ ನಿಮ್ಮ ಹೋಲಿಕೆಯನ್ನು ನಾನು ಅರ್ಧ ಒಪ್ಪುತ್ತೇನೆ. ವಿಜ್ಞಾನಿಗಳು ಹೇಳಿದ್ದನ್ನು ಆಳುವವರು ಕೇಳಲಿಲ್ಲ ಎಂಬುದು ನಿಜ. ಆದರೆ ಘಟ್ಟದ ಜನ ಹಟಮಾರಿಗಳು, ಪರಿಸರದ ವೈರಿಗಳು ಎಂಬ ಪಟ್ಟಣದ ಮಾತನ್ನು ಖಂಡಿತ ಒಪ್ಪಲಾರೆ. ಒಂದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿಗಳ ಬದುಕನ್ನು ತಟ್ಟುವ ವರದಿ ಇಂಗ್ಲಿಷಿನಲ್ಲಿ ಬಂತು. ಅಡಿಕೆ, ಕಾಫಿ, ಏಲಕ್ಕಿ ಬೆಳೆಗಾರರಿಗೆ ಯಾವುದಕ್ಕೆ ಅನುಮತಿ ಇದೆ, ಯಾವುದಕ್ಕಿಲ್ಲ ಎಂದು ಅವರ ಮಾತಿನಲ್ಲಿ, ಅವರ ಅಂಗಳದಲ್ಲಿ ಕೂತು ವಿವರಿಸುವ ಕೆಲಸವನ್ನು ಸರ್ಕಾರ ಸರಿಯಾಗಿ ಮಾಡಲಿಲ್ಲ. ನಷ್ಟವಾಗುವವರಿಗೆ ಪರಿಹಾರದ ಸ್ಪಷ್ಟ ಲೆಕ್ಕ ಮುಂದಿಡಲಿಲ್ಲ. ಲಂಡನ್ನಿನಲ್ಲಿ 1990ರಲ್ಲಿ ಭಾರತ ಕೇಳಿದ ಪ್ರಶ್ನೆಯನ್ನೇ ಮಲೆನಾಡಿನ ಸಣ್ಣ ಹಿಡುವಳಿದಾರ ಕೇಳುತ್ತಿದ್ದಾನೆ: ಎಲ್ಲರ ಹಿತಕ್ಕಾಗಿ ನಾನು ಬಿಟ್ಟುಕೊಡುವುದಕ್ಕೆ ಬೆಲೆ ಕೊಡುವವರು ಯಾರು? ಅಲ್ಲಿ ಅದಕ್ಕೊಂದು ನಿಧಿ ಹುಟ್ಟಿತು, ಇಲ್ಲಿ ಆರು ಕರಡುಗಳು ಹುಟ್ಟಿವೆ.

ಕರ್ನಾಟಕದಲ್ಲಿ ಎಲ್ಲವೂ ಹೀಗೆಯೇ ಎಂದಲ್ಲ. 1988ರಲ್ಲಿ ಬರ ನಿರ್ವಹಣೆಗೆಂದು ಆರಂಭವಾದ ಪುಟ್ಟ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿಂದ ಅದು ಮಾಹಿತಿ ಪಡೆಯುತ್ತದೆ. ನಿಮ್ಮ ಭಾಗದ ಅಡಿಕೆ ಮತ್ತು ಕಾಳುಮೆಣಸು ಬೆಳೆಗಾರರಿಗೆ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ಲೆಕ್ಕವಾಗುವುದು ಈ ಅಳತೆಗಳಿಂದಲೇ. ಇಲ್ಲಿ ಅಳತೆಯಿಂದ ಹಣದವರೆಗೆ ದಾರಿ ನೇರವಾಗಿದೆ, ಆದ್ದರಿಂದ ಮಳೆಮಾಪಕ ಕೆಟ್ಟರೆ ರೈತರೇ ಹೋಗಿ ಕೇಳುತ್ತಾರೆ. ವಿಜ್ಞಾನವನ್ನು ಜನ ತಮ್ಮದೆಂದು ಕಾಯುವಂತಾಗಲು ಇದಕ್ಕಿಂತ ದೊಡ್ಡ ಉಪನ್ಯಾಸ ಬೇಕಾಗಿಲ್ಲ.

ಉತ್ತರ ಕೊಡಬೇಕಾದ ಬಾಧ್ಯತೆ ಇತ್ತೀಚೆಗೆ ನ್ಯಾಯಾಲಯಗಳ ಕಡೆಯಿಂದಲೂ ಬರುತ್ತಿದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ ಗುರುತಿಸಿತು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಆರಂಭಿಸಿದ, ವನುವಾಟು ದೇಶ ಮುಂದಕ್ಕೊಯ್ದ ಕೋರಿಕೆಯ ಮೇಲೆ, ಹವಾಮಾನವನ್ನು ರಕ್ಷಿಸುವುದು ರಾಷ್ಟ್ರಗಳ ಕಾನೂನಾತ್ಮಕ ಹೊಣೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈನಲ್ಲಿ ಅಭಿಪ್ರಾಯ ನೀಡಿತು. ವಿಚಾರಣೆಗೆ ಮುಂಚೆ ಆ ನ್ಯಾಯಮೂರ್ತಿಗಳು ಐಪಿಸಿಸಿಯ ವಿಜ್ಞಾನಿಗಳನ್ನು ಕರೆಸಿ ವಿಷಯವನ್ನು ಅರ್ಥಮಾಡಿಕೊಂಡಿದ್ದರು. ಈ ಪ್ರಯತ್ನವನ್ನು ವಿದ್ಯಾರ್ಥಿಗಳು ಆರಂಭಿಸಿದ್ದು ಎಂಬುದನ್ನು ನಿಮ್ಮ ಮಕ್ಕಳಿಗೆ ಹೇಳಲು ಮರೆಯಬೇಡಿ.

ಮುಂದೆ ಯಾವುದನ್ನು ಗಮನಿಸಬೇಕೆಂದು ಅವರು ಕೇಳಿದರೆ ಎರಡು ವಿಷಯಗಳನ್ನು ಹೇಳಬಹುದು. ಐಪಿಸಿಸಿಯ ಏಳನೆಯ ಸರಣಿಯ ವರದಿಗಳು, ಪ್ಯಾರಿಸ್ ಒಪ್ಪಂದದ ಪ್ರಕಾರ 2028ರಲ್ಲಿ ನಡೆಯಬೇಕಾದ, ದೇಶಗಳ ಒಟ್ಟು ಪ್ರಗತಿಯನ್ನು ಅಳೆಯುವ ಜಾಗತಿಕ ಪರಾಮರ್ಶೆಗೆ ಮುಂಚೆ ಸಿದ್ಧವಾಗಬೇಕೇ ಎಂಬ ಬಗ್ಗೆ 2024 ಮತ್ತು 2025ರ ಸಭೆಗಳಲ್ಲಿ ಸರ್ಕಾರಗಳಿಗೆ ಒಮ್ಮತ ಮೂಡಲಿಲ್ಲ. ಅವಸರದಲ್ಲಿ ಅಭಿವೃದ್ಧಿಶೀಲ ದೇಶಗಳ ಸಂಶೋಧನೆ ಬಿಟ್ಟುಹೋಗುತ್ತದೆ ಎಂಬ ಆತಂಕ ಒಂದು ಕಡೆ, ತಡವಾದರೆ ನಾಯಕರ ಮೇಜಿಗೆ ಹೊಸ ವಿಜ್ಞಾನ ಬರುವುದೇ ಇಲ್ಲ ಎಂಬ ಆತಂಕ ಇನ್ನೊಂದು ಕಡೆ. ಎರಡೂ ನ್ಯಾಯವಾದ ಆತಂಕಗಳೇ, ಆದರೆ ವರದಿಯಿಲ್ಲದೆ ಪರಾಮರ್ಶೆ ನಡೆಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚಿನ ಹಾನಿ. ಎರಡನೆಯದು ನಿಮ್ಮ ತಾಲ್ಲೂಕಿನದೇ ವಿಷಯ. ಪಶ್ಚಿಮ ಘಟ್ಟದ ಕರಡು ಅಧಿಸೂಚನೆ ಮತ್ತೆ ಹೊರಬಿದ್ದರೆ, ಆಕ್ಷೇಪಣೆ ಮತ್ತು ಸಲಹೆ ಸಲ್ಲಿಸಲು ಅರವತ್ತು ದಿನಗಳ ಅವಕಾಶವಿರುತ್ತದೆ, ಹಳ್ಳಿಗಳ ಪಟ್ಟಿಯೂ ನಕ್ಷೆಯೂ ಅದರ ಜೊತೆಗಿರುತ್ತವೆ. ಅವುಗಳನ್ನು ಶಾಲೆಗೆ ತಂದು, ಯಾವ ಊರು ಪಟ್ಟಿಯಲ್ಲಿದೆ, ಅಲ್ಲಿ ಗಣಿಗಾರಿಕೆ, ದೊಡ್ಡ ಕಟ್ಟಡ ಮತ್ತು ಕೃಷಿಯ ಬಗ್ಗೆ ನಿಜವಾಗಿ ಏನೆಂದು ಬರೆದಿದೆ ಎಂಬುದನ್ನು ಮಕ್ಕಳಿಂದಲೇ ಓದಿಸಿ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಮಂಡಿಸಲು ಅವರಿಗೆ ಸಹಾಯ ಮಾಡಿ. ಸಭೆ ಅದನ್ನು ಒಪ್ಪಬಹುದು, ಬಿಡಬಹುದು, ಆದರೆ ಕಳುಹಿಸುವ ಆಕ್ಷೇಪಣೆಯಾಗಲಿ ಸಮ್ಮತಿಯಾಗಲಿ ಅಧಿಸೂಚನೆಯ ಪಠ್ಯವನ್ನು ಓದಿದವರದ್ದಾಗಿರುತ್ತದೆ.